ಸೋತವರ ದುಡ್ಡಿನಲ್ಲಿ ನಡೆಯುವ ಹರಾಜು

ಊರ ದೇವಸ್ಥಾನದ ಹರಾಜಿನಲ್ಲಿ ಸವಾಲು ಕೂಗಿದವರೆಲ್ಲ ದುಡ್ಡು ಕಟ್ಟಬೇಕಿಲ್ಲ. ಕೊನೆಯ ಸವಾಲು ಯಾರದೋ ಅವರು ಹಣ ಕೊಟ್ಟು ಬಾಳೆಗೊನೆ ಹೊತ್ತು ನಡೆಯುತ್ತಾರೆ. ಉಳಿದವರ ಜೇಬಿಗೆ ಕೈ ಹೋಗುವುದಿಲ್ಲ. ಪ್ರತಿ ಬಿಡ್‌ಗೂ ಶುಲ್ಕ ವಸೂಲು ಮಾಡುವ ಆನ್‌ಲೈನ್ ಹರಾಜು ಕಂಪನಿಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿದವು. 2005ರಲ್ಲಿ ಜರ್ಮನಿಯಲ್ಲಿ ಟೆಲಿಬಿಡ್ ಎಂದು ಶುರುವಾಗಿ, ಆಮೇಲೆ ಸ್ವೂಪೋ ಎಂಬ ಹೆಸರಲ್ಲಿ ಅಮೆರಿಕಕ್ಕೂ ಹೋದ ಕಂಪನಿಯೇ ಇದಕ್ಕೆ ದಾರಿ ತೋರಿಸಿದ್ದು. ಅಲ್ಲಿ ಒಂದು ಕಾಲಕ್ಕೆ ಬಿಡ್ ಒಂದಕ್ಕೆ 60 ಸೆಂಟ್ ಇತ್ತು. ಪೆನ್ನಿ ಹರಾಜು ಎಂದು ಕರೆಯುವ ಇಂಥ ಹರಾಜಿನಲ್ಲಿ ಬಿಡ್ ಒತ್ತಿದಾಗಲೆಲ್ಲ ವಸ್ತುವಿನ ಬೆಲೆ ಒಂದು ಸೆಂಟ್ ಏರುತ್ತದೆ, ಮುಗಿಯುತ್ತಿದ್ದ ಗಡಿಯಾರಕ್ಕೆ ಮತ್ತೆ ಕೆಲವು ಸೆಕೆಂಡುಗಳು ಸೇರಿಕೊಳ್ಳುತ್ತವೆ. ಟಿವಿಯೊಂದರ ಬೆಲೆ 41 ಡಾಲರ್ 27 ಸೆಂಟ್ ಎಂದು ಪರದೆ ತೋರಿಸುತ್ತಿದೆ ಎಂದುಕೊಳ್ಳಿ. ನೋಡಿದವರಿಗೆ ಪುಕ್ಕಟೆ ಸಿಕ್ಕಂತೆಯೇ. ಆದರೆ ಆ ಅಂಕಿಯ ಹಿಂದೆ 4,127 ಬಿಡ್‌ಗಳಿವೆ, ಅಂದರೆ 2,476 ಡಾಲರ್ 20 ಸೆಂಟ್ ಆಗಲೇ ಕಂಪನಿಯ ಗಲ್ಲಾ ಸೇರಿದೆ. ಇದನ್ನು ಮಾತ್ರ ಪರದೆ ತೋರಿಸುವುದಿಲ್ಲ.

ಇಂಥ ಕಂಪನಿಗಳು ಗ್ರಾಹಕರ ನಂಬಿಕೆ ಗಳಿಸುವುದು ಹೇಗೆ ಎಂದರೆ ಸಾಮಾನ್ಯವಾಗಿ ಬರುವ ಉತ್ತರ: ಕಳ್ಳ ಬಿಡ್ ಹಾಕುವ ಬಾಟ್‌ಗಳಿಲ್ಲ ಎಂದು ಹೊರಗಿನ ಆಡಿಟರ್‌ನಿಂದ ಪ್ರಮಾಣಪತ್ರ ತನ್ನಿ, ಗೆದ್ದವರ ಫೋಟೊ ಹಾಕಿ, ಸಾಮಾನು ಬೇಗ ತಲುಪಿಸಿ. ಇವೆಲ್ಲ ಬೇಕು, ಸರಿ. ಬಾಟ್‌ಗಳ ಭಯವೂ ಸುಳ್ಳಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಪೆನ್ನಿ ಹರಾಜಿನ ಬಗ್ಗೆ ಗ್ರಾಹಕರನ್ನು ಎಚ್ಚರಿಸಿತ್ತು. ಆದರೆ ಒಂದೇ ಒಂದು ಬಾಟ್ ಇಲ್ಲದಿದ್ದರೂ ಲೆಕ್ಕ ಬದಲಾಗದು. ಅರ್ಥಶಾಸ್ತ್ರಜ್ಞ ನೆಡ್ ಆಗೆನ್‌ಬ್ಲಿಕ್ ಸ್ವೂಪೋದ 1.6 ಲಕ್ಷಕ್ಕೂ ಹೆಚ್ಚು ಹರಾಜುಗಳನ್ನು ಜಾಲಾಡಿದಾಗ, ಕಂಪನಿಗೆ ಬಂದ ಹಣ ಸರಾಸರಿ ವಸ್ತುವಿನ ಬೆಲೆಯ ಸುಮಾರು ಒಂದೂವರೆ ಪಟ್ಟು ಇತ್ತು. ಇದಕ್ಕೆ ಅವರು ಕಂಡ ಕಾರಣ ಮೋಸವಲ್ಲ. ಆಗಲೇ ಸುರಿದ ದುಡ್ಡು ದಂಡವಾಗಬಾರದೆಂದು ಜನ ಇನ್ನಷ್ಟು ಸುರಿಯುತ್ತಾರೆ, ಅಷ್ಟೇ. ಬಿಗ್‌ಡೀಲ್ ಎಂಬ ತಾಣದ ಅಂಕಿಅಂಶ ನೋಡಿದ ಝೊಂಗ್‌ಮಿನ್ ವಾಂಗ್ ಮತ್ತು ಮಿನ್‌ಬೊ ಶು ಅವರ ಅಧ್ಯಯನ ಇನ್ನೊಂದು ಮಗ್ಗುಲು ತೋರಿಸುತ್ತದೆ. ಹೊಸಬರಲ್ಲಿ ಬಹುಪಾಲು ಜನ ಕಳೆದುಕೊಂಡು ಬೇಗನೆ ಕಾಲ್ತೆಗೆಯುತ್ತಾರೆ, ಪಳಗಿದ ಬೆರಳೆಣಿಕೆಯವರು ಲಾಭ ಮಾಡುತ್ತಾರೆ, ಕಂಪನಿ ಉಳಿಯಬೇಕಾದರೆ ಕಳೆದುಕೊಳ್ಳಲು ಹೊಸ ಹೊಸ ಮುಖಗಳು ಬರುತ್ತಲೇ ಇರಬೇಕು. ಅನುಭವವಾದಂತೆ ಗ್ರಾಹಕ ದೂರವಾಗುವ ವ್ಯಾಪಾರ ಇದು. ನಂಬಿಕೆ ಬೆಳೆಯುವುದು ಅನುಭವದಿಂದಲೇ ಆದರೆ, ಇಲ್ಲಿ ಅದು ಬೇರು ಬಿಡುವುದಾದರೂ ಎಲ್ಲಿ?

ಇದಕ್ಕೆ ಕಂಪನಿಗಳ ಬಳಿ ಒಂದು ಒಳ್ಳೆಯ ಉತ್ತರವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೋತವರು ಬಿಡ್‌ಗೆ ಹಾಕಿದ ಹಣವನ್ನು ವಜಾ ಮಾಡಿಕೊಂಡು ಅದೇ ವಸ್ತುವನ್ನು ನಿಗದಿತ ಬೆಲೆಗೆ ಕೊಳ್ಳಬಹುದು. ಸ್ವೂಪೋ 2009ರಲ್ಲಿ, ಕ್ವಿಬಿಡ್ಸ್, ಡೀಲ್‌ಡ್ಯಾಶ್ ಮುಂತಾದ ತಾಣಗಳು ಅದರಂತೆಯೇ ಈ ಸೌಲಭ್ಯ ತಂದವು. 1,000 ಡಾಲರ್ ಟಿವಿಗೆ 300 ಡಾಲರ್ ಬಿಡ್ ಹಾಕಿ ಸೋತಿರಾ? ಇನ್ನು 700 ಕೊಟ್ಟು ಒಯ್ಯಿರಿ. ನ್ಯಾಯ ಅನ್ನಿಸುತ್ತದೆ. ಆದರೆ ಹತ್ತು ಬಿಡ್ ಹಾಕಿ ಕೈಬಿಟ್ಟವನ ಕಡೆ ನೋಡಿ. ಅವನು ಕಳೆದುಕೊಂಡದ್ದು ಆರು ಡಾಲರ್. ಆ ಆರನ್ನು ಉಳಿಸಿಕೊಳ್ಳಲು 994 ಡಾಲರ್ ಯಾರು ಹಾಕುತ್ತಾರೆ? ಸೌಲಭ್ಯ ನೆರವಿಗೆ ಬರುವುದು ಆಳಕ್ಕಿಳಿದವನಿಗೆ. ದಡದಲ್ಲೇ ಕಾಲು ಒದ್ದೆ ಮಾಡಿಕೊಂಡು ಹೋಗುವ ಹೊಸಬರ ಚಿಲ್ಲರೆ ಕಾಸು ಕಂಪನಿಯಲ್ಲೇ ಉಳಿಯುತ್ತದೆ. ಮೇಲಾಗಿ ಆ 1,000 ಎಂಬ ಬೆಲೆಯನ್ನು ಬರೆಯುವುದು ಕಂಪನಿಯೇ. ಪೇಟೆಯಲ್ಲಿ ಅದೇ ಟಿವಿ 850ಕ್ಕೆ ಸಿಗುವಂತಿದ್ದರೆ ವಜಾ ಆದ ಹಣದಲ್ಲಿ ಅರ್ಧ ಅಲ್ಲೇ ಕರಗಿತು. ಚಿಲ್ಲರೆಯೂ ವಾಪಸ್, ಬೆಲೆಯೂ ಪೇಟೆಯದೇ ಎಂದು ಮಾಡಿದರೆ ಕಂಪನಿ ಪ್ರಾಮಾಣಿಕವಾಗುತ್ತದೆ ನಿಜ, ಆಗ ಅದು ಮಾಮೂಲಿ ಅಂಗಡಿ. ಹೂಡಿಕೆದಾರ ದುಡ್ಡು ಹಾಕಿದ್ದು ಅಂಗಡಿಗಲ್ಲ.

ಇದು ಮನರಂಜನೆ, ವಯಸ್ಕರು ತಮ್ಮ ದುಡ್ಡಿನಲ್ಲಿ ಆಡಿದರೆ ನಿಮಗೇನು ಎಂಬ ವಾದವೂ ಉಂಟು. ಸ್ವೂಪೋದ ಮಾತೃಸಂಸ್ಥೆಯ ಹೆಸರೇ ಎಂಟರ್‌ಟೇನ್‌ಮೆಂಟ್ ಶಾಪಿಂಗ್ ಆಗಿತ್ತು! ಒಪ್ಪೋಣ. ಆದರೆ ಸಿನಿಮಾ ಟಿಕೆಟ್‌ನ ಬೆಲೆ ಒಳಗೆ ಹೋಗುವ ಮೊದಲೇ ತಿಳಿದಿರುತ್ತದೆ. ಇಲ್ಲಿ ಎದುರಿಗೆ ಎಷ್ಟು ಜನ ಕೂತಿದ್ದಾರೆ ಎಂಬುದೇ ಸರಿಯಾಗಿ ಗೊತ್ತಿರುವುದಿಲ್ಲ. ಜಾಹೀರಾತಿನಲ್ಲಿ ಮಾರುವುದೂ ಮನರಂಜನೆಯನ್ನಲ್ಲ, ಶೇ 90ರ ರಿಯಾಯಿತಿಯನ್ನು. ಆಟ ಎಂದೇ ಮಾರಲಿ, ಆಟಕ್ಕಿರುವ ಕಾನೂನಿಗೂ ತಲೆಬಾಗಲಿ.

ಸ್ವೂಪೋ 2011ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಬಿಗ್‌ಡೀಲ್ ಕೂಡ ಬಾಗಿಲು ಹಾಕಿತು. ಆದರೂ ಈ ಮಾದರಿ ಯಾವ ವೇಷದಲ್ಲಾದರೂ ನಮ್ಮ ಫೋನುಗಳಿಗೆ ಬರಬಹುದು. 2023ರಲ್ಲಿ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಇಲ್ಲದ ಅವಸರ ಹುಟ್ಟಿಸುವುದೂ ಒಂದು. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಹಿಂದಕ್ಕೆ ಹೋಗುವ ಗಡಿಯಾರವನ್ನು ಆ ಕಣ್ಣಿನಿಂದ ನೋಡಬೇಕು. ಅದಕ್ಕಿಂತ ಮೊದಲು ಪ್ರಾಧಿಕಾರ ಕೇಳಬಹುದಾದದ್ದು ತೀರಾ ಸರಳ: ಈ ವಸ್ತುವಿನ ಮೇಲೆ ಈವರೆಗೆ ಒಟ್ಟು ಎಷ್ಟು ಹಣ ಬಂದಿದೆ, ಎಷ್ಟು ಜನರಿಂದ ಬಂದಿದೆ ಎಂಬುದನ್ನು ಬಿಡ್ ಬಟನ್ ಪಕ್ಕದಲ್ಲೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕು. ನಂಬಿಕೆ ಬೇಕೆನ್ನುವ ಸ್ಟಾರ್ಟಪ್ ಇದಕ್ಕೆ ಸುತ್ತೋಲೆ ಬರುವವರೆಗೆ ಕಾಯಬೇಕಾಗಿಲ್ಲ. ಲೆಕ್ಕ ಹೇಗೂ ಅದರ ಸರ್ವರ್‌ನಲ್ಲೇ ಇದೆ.