ವಾಚನಾಲಯಕ್ಕೆ ಎಂಥ ಪುಸ್ತಕ ಬೇಕು?

ಸಂಘದ ವಾಚನಾಲಯಕ್ಕೆ ಹೊಸ ಪುಸ್ತಕಗಳನ್ನು ತರಿಸಬೇಕೆಂಬ ಮಾತು ಈಗ ನಮ್ಮಲ್ಲಿ ನಡೆದಿದೆ. ಕಾದಂಬರಿ ಬೇಕೆನ್ನುವವರು ಕೆಲವರು. ಪುರಾಣ, ಭಜನೆಯ ಪುಸ್ತಕಗಳು ಬೇಕೆನ್ನುವವರು ಕೆಲವರು. ಪುಸ್ತಕವೇ ಬೇಡ, ಆ ಹಣಕ್ಕೆ ಒಂದು ದೊಡ್ಡ ಟಿ.ವಿ. ತರೋಣ ಎನ್ನುವವರೂ ಇದ್ದಾರೆ. ಕಾದಂಬರಿಯ ಮೇಲೆ ನಮಗೆ ಸಿಟ್ಟಿಲ್ಲ. ಹನ್ನೆರಡು ತಾಸು ದುಡಿದ ಜೀವಕ್ಕೆ ಒಂದು ಒಳ್ಳೆಯ ಕಥೆ ಕೊಡುವ ಸಮಾಧಾನ ಏನೆಂಬುದನ್ನು ನಾವು ಬಲ್ಲೆವು. ಆದರೆ ಈ ಸಲದ ಹಣವನ್ನು ನಾಲ್ಕು ಬಗೆಯ ಪುಸ್ತಕಗಳಿಗೆ ಮೀಸಲಿಡಬೇಕೆಂದು ನಾವು ಬಾಂಧವರನ್ನು ಕೇಳಿಕೊಳ್ಳುತ್ತೇವೆ: ಕಾನೂನಿನ ಪುಸ್ತಕ, ಜೂಜಿನ ಒಳಗುಟ್ಟು ತಿಳಿಸುವ ಪುಸ್ತಕ, ಸಿನಿಮಾ ಮಾಡಿದವರ ಪುಸ್ತಕ, ಮತ್ತು ಕಂಪ್ಯೂಟರಿಗೆ ಕೆಲಸ ಹೇಳುವ ವಿದ್ಯೆಯ ಪುಸ್ತಕ.

ಇದೆಂಥ ಕಲಸುಮೇಲೋಗರ ಎಂದು ನಗಬೇಡಿ. ತಿಂಗಳ ಪಗಾರ ಕೈಗೆ ಬಂದ ಮೇಲೆ, ಊರಿಗೆ ಕಳಿಸಿ ಊಟ-ಖೋಲಿಯ ಖರ್ಚು ಕಳೆದು ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಲೆಕ್ಕ ಹಾಕಿರಿ. ಒಂದಷ್ಟು ಆಕಡೆಗೆ, ಒಂದಷ್ಟು ಸಿನಿಮಾಕ್ಕೆ, ಒಂದಷ್ಟು ಮೊಬೈಲಿಗೆ. ಇನ್ನು ಕೈಗೆ ಬರಬೇಕಾಗಿದ್ದೂ ಬಾರದೆ ಹೋದದ್ದು ಕಾನೂನು ತಿಳಿಯದ ಕಾರಣದಿಂದ. ಈ ನಾಲ್ಕು ಬಾಗಿಲುಗಳ ಆಚೆ ಕುಳಿತವರು ತಮ್ಮ ತಮ್ಮ ವಿದ್ಯೆಯನ್ನು ಚೆನ್ನಾಗಿ ಓದಿಕೊಂಡೇ ಕುಳಿತಿದ್ದಾರೆ. ಈಚೆ ನಿಂತ ನಾವು ಮಾತ್ರ ಓದದೆ ಹಣ ಕೊಡುತ್ತಿದ್ದೇವೆ.

ಮೊದಲು ಕಾನೂನಿನ ಮಾತು. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾಯಿದೆಗಳ ಜಾಗದಲ್ಲಿ ಇವು ನಿಂತಿವೆ. ಇವುಗಳಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಗಳು ಹಲವು. 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯನ್ನು ಮುಚ್ಚಲು ಮಾಲಕನು ಇನ್ನು ಸರಕಾರದ ಮುಂಚಿನ ಅನುಮತಿ ಕೇಳಬೇಕಿಲ್ಲ. ಮೊದಲು ಈ ಸಂಖ್ಯೆ 100 ಇತ್ತು. ಗಿರಣಿಗಳ ಬಾಗಿಲು ಮುಚ್ಚಿದ್ದನ್ನು ಕಣ್ಣಾರೆ ಕಂಡ ಹಿರಿಯರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಿರೋಧಿಸುವುದಕ್ಕೂ ಮೊದಲು ಓದಬೇಕು. ಅಷ್ಟೇ ಅಲ್ಲ, ಅದೇ ಪುಸ್ತಕದಲ್ಲಿ ನಮ್ಮ ಕೈಗೆ ಬರುವ ಆಯುಧಗಳೂ ಇವೆ.

ವೇತನ ಸಂಹಿತೆಯ ಪ್ರಕಾರ ಮಾಲಕನು ಪಗಾರದ ಚೀಟಿ ಕೊಡಲೇಬೇಕು. ಹೆಚ್ಚುವರಿ ತಾಸುಗಳ ಕೆಲಸಕ್ಕೆ ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ ಕೊಡಬೇಕು. ಪಗಾರ ಬಾಕಿಯೆಂದು ಕೆಲಸಗಾರನು ದೂರು ಕೊಟ್ಟರೆ, ಕೊಟ್ಟಿದ್ದೇನೆಂದು ರುಜುವಾತು ಮಾಡುವ ಭಾರ ಮಾಲಕನದು. ದೂರು ಕೊಡಲು 3 ವರ್ಷಗಳ ಅವಧಿಯಿದೆ. ‘ಸಾಕ್ಷಿ ಎಲ್ಲಿಂದ ತರಲಿ ಸ್ವಾಮಿ’ ಎಂದು ಬಾಕಿ ಬಿಟ್ಟುಕೊಟ್ಟು ಊರಿನ ಬಸ್ಸು ಹತ್ತಿದ ಹೋಟೆಲು ಹುಡುಗರನ್ನು ನಾವು ಬಹಳ ಕಂಡಿದ್ದೇವೆ. ಆ ಒಂದು ಸಾಲು ಅವರಿಗೆ ತಿಳಿದಿದ್ದರೆ ಅವರು ಬರಿಗೈಯಲ್ಲಿ ಹೋಗುತ್ತಿದ್ದರೆ?

ಗ್ರಾಚುಯಿಟಿಯ ಲೆಕ್ಕವನ್ನೂ ನೋಡಿರಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗದಲ್ಲಿ ಸತತ 5 ವರ್ಷ ಕೆಲಸ ಮಾಡಿದವನು ಬಿಟ್ಟುಹೋಗುವಾಗ, ವರ್ಷಕ್ಕೆ 15 ದಿನದ ವೇತನದಂತೆ ಪಡೆಯಬೇಕು. ಒಂದು ದಿನದ ವೇತನವೆಂದರೆ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿದ್ದು. 13,000 ರೂಪಾಯಿ ವೇತನದಲ್ಲಿ 12 ವರ್ಷ ದುಡಿದವನಿಗೆ ದಿನಕ್ಕೆ 500, ವರ್ಷಕ್ಕೆ 7,500, ಒಟ್ಟು 90,000 ರೂಪಾಯಿ. ಹೋಗುವಾಗ ಗಲ್ಲಾದಿಂದ ತೆಗೆದು ಕೈಗಿಡುವ ಐದು ಸಾವಿರವನ್ನೇ ಧಣಿಗಳ ಔದಾರ್ಯವೆಂದು ಕಣ್ಣಿಗೊತ್ತಿಕೊಳ್ಳುವವನು ಎಷ್ಟನ್ನು ಕಳೆದುಕೊಂಡನೆಂಬುದನ್ನು ನೀವೇ ಹೇಳಿರಿ.

ಈಗ ಜೂಜು. ಈ ಮುಂಬಯಿಯಲ್ಲಿ ಮಟ್ಕಾ ಹುಟ್ಟಿದ್ದೇ ನಮ್ಮ ಹತ್ತಿಯಿಂದ. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆಯುವಾಗಿನ ಮತ್ತು ಮುಚ್ಚುವಾಗಿನ ಧಾರಣೆ ತಂತಿಯಲ್ಲಿ ಇಲ್ಲಿಗೆ ಬರುತ್ತಿತ್ತು. ಆ ಅಂಕೆಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. ಇಂದಿಗೂ ಬಾಯಲ್ಲಿರುವ ‘ಓಪನ್’, ‘ಕ್ಲೋಸ್’ ಎಂಬ ಮಾತುಗಳು ಅಲ್ಲಿಂದ ಬಂದವು. 1961ರಲ್ಲಿ ಆ ಧಾರಣೆ ಬರುವುದು ನಿಂತಿತು. ಆಗ 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಅಂಕೆ ತೆಗೆಯುವ ಆಟವನ್ನು ಆರಂಭಿಸಿದರು. ಗಿರಣಿಗಳ ಸುತ್ತಮುತ್ತ ಬುಕ್ಕಿಗಳು ಅಂಗಡಿ ಹಾಕಿದರು. ಹಗಲೆಲ್ಲ ಹತ್ತಿಯನ್ನು ನೂಲು ಮಾಡಿದ ಕೈಯೇ ಸಂಜೆ ಚೀಟಿ ಬರೆಸಲು ಹೋಗಿ ನಿಂತಿತು.

ಇದರ ಗಣಿತಕ್ಕೆ ಕಾಲೇಜು ಬೇಕಿಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕೆಗಳು. ಒಂಟಿ ಅಂಕೆ ಬಿದ್ದರೆ ಒಂದಕ್ಕೆ ಒಂಬತ್ತು ಎಂಬುದು ವಾಡಿಕೆ. ಹತ್ತು ಜನ ಹತ್ತು ಅಂಕೆಗಳ ಮೇಲೆ ಹತ್ತು ಹತ್ತು ರೂಪಾಯಿ ಕಟ್ಟಿದರೆ ಕೂಡಿದ್ದು 100. ಗೆದ್ದವನಿಗೆ 90. ಉಳಿದ ಹತ್ತು ಆಡಿಸುವವನದು. ಆ 90ನ್ನೇ ಎಲ್ಲರೂ ಹಂಚಿಕೊಂಡು ಮತ್ತೆ ಕಟ್ಟಿದರೆ 81. ಮತ್ತೆ ಕಟ್ಟಿದರೆ 73ಕ್ಕೂ ಕಡಿಮೆ. ಏಳನೆಯ ಸುತ್ತು ಮುಗಿಯುವಾಗ ನಮ್ಮ ನೂರರಲ್ಲಿ ಅರ್ಧವೂ ಉಳಿದಿರುವುದಿಲ್ಲ. ಯಾರೂ ಮೋಸ ಮಾಡಲಿಲ್ಲ, ಅಂಕೆ ನ್ಯಾಯವಾಗಿಯೇ ಬಿತ್ತು. ಆದರೂ ಚಾಳಿನ ಹಣ ಚಾಳನ್ನು ಬಿಟ್ಟು ಹೋಯಿತು. ಕನಸಿನಲ್ಲಿ ಕಂಡ ಅಂಕೆ, ಬಸ್ಸಿನ ನಂಬರು, ಬಾಬಾ ಕೊಟ್ಟ ಸೂಚನೆ — ಇವಾವುವೂ ಈ ಲೆಕ್ಕವನ್ನು ಬದಲಿಸಲಾರವು.

ಜೂಜಿನ ಕಾನೂನಿನಲ್ಲಿ ಕನ್ನಡ ನಾಡಿಗೂ ಮುಂಬಯಿಗೂ ಒಂದು ನಂಟಿದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಯುತ್ತಿತ್ತು. ಪ್ರವೇಶದ ಹಣ ಮುಂಬಯಿ ರಾಜ್ಯದಿಂದಲೂ ಹೋಗುತ್ತಿತ್ತು. ಮುಂಬಯಿ ಸರಕಾರ ತೆರಿಗೆ ಹಾಕಿತು. ಸ್ಪರ್ಧೆ ನಡೆಸುತ್ತಿದ್ದ ಚಮಾರ್‌ಬಾಗ್‌ವಾಲಾ ಅವರು ಇದು ತಮ್ಮ ವ್ಯಾಪಾರದ ಹಕ್ಕೆಂದು ವಾದಿಸಿದರು. 1957ರಲ್ಲಿ ಸುಪ್ರೀಂ ಕೋರ್ಟು ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಎಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಋಗ್ವೇದದ ಜೂಜುಗಾರನ ಗೋಳು, ಮಹಾಭಾರತ, ಮನುಸ್ಮೃತಿ ಎಲ್ಲವೂ ಬರುತ್ತವೆ. ಕಾನೂನಿನ ಪುಸ್ತಕ ಒಣಕಲು ಎನ್ನುವವರು ಇದನ್ನು ಓದಿ ನೋಡಬೇಕು. ಮುಂದೆ 1968ರಲ್ಲಿ ಅದೇ ನ್ಯಾಯಾಲಯ ರಮ್ಮಿಯಲ್ಲಿ ಜಾಣ್ಮೆಯ ಪಾಲು ಹೆಚ್ಚೆಂದಿತು. ಆ ಮಾತನ್ನು ಹಿಡಿದುಕೊಂಡು ಮೊಬೈಲಿನ ರಮ್ಮಿ ಕಂಪನಿಗಳು ಬೆಳೆದವು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಜಾಣ್ಮೆಯಿರಲಿ, ಅದೃಷ್ಟವಿರಲಿ, ಹಣ ಪಣವಿಟ್ಟ ಆನ್‌ಲೈನ್ ಆಟವನ್ನೇ ನಿಷೇಧಿಸುವ ಕಾಯಿದೆ ಮಾಡಿತು. ಆಡಿಸುವವನಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ.

ಹಾಗಾದರೆ ಕಾಯಿದೆ ಬಂತು, ಜೂಜಿನ ಪುಸ್ತಕ ಇನ್ನೇಕೆ ಎಂದೀರಿ. ಮಟ್ಕಾಕ್ಕೆ ವಿರುದ್ಧವಾದ ಕಾಯಿದೆ ಮುಂಬಯಿಯಲ್ಲಿ 1887ರಿಂದಲೂ ಇತ್ತಲ್ಲ! ಪೊಲೀಸರ ಲಾಠಿಗಿಂತ ಆಟದ ಗುಟ್ಟು ತಿಳಿದ ತಲೆಯೇ ಗಟ್ಟಿ. ಅಮೆರಿಕದ ನತಾಶಾ ಡೌ ಶೂಲ್ ಎಂಬ ವಿದ್ವಾಂಸೆ ಲಾಸ್ ವೇಗಾಸಿನ ಜೂಜುಯಂತ್ರಗಳನ್ನು ಹಲವು ವರ್ಷ ಅಭ್ಯಾಸ ಮಾಡಿ 2012ರಲ್ಲಿ ಒಂದು ಪುಸ್ತಕ ಬರೆದರು. ಚಟಕ್ಕೆ ಬಿದ್ದವರು ಗೆಲ್ಲುವುದಕ್ಕಾಗಿ ಆಡುವುದಿಲ್ಲ, ಆಡುತ್ತಲೇ ಇರುವುದಕ್ಕಾಗಿ ಆಡುತ್ತಾರೆ. ಕುರ್ಚಿ, ಸದ್ದು, ಪರದೆ, ಆಟದ ವೇಗ ಎಲ್ಲವನ್ನೂ ಅವರು ಏಳದ ಹಾಗೆ ಕೂಡಿಸಿಟ್ಟಿರುತ್ತಾರೆ ಎಂದು ಅದರಲ್ಲಿ ತೋರಿಸಿದ್ದಾರೆ. ಪಾಳಿ ಮುಗಿಸಿ ಬಂದ ಹುಡುಗ ರಾತ್ರಿ ಎರಡರವರೆಗೆ ಹಾಸಿಗೆಯಲ್ಲಿ ಮೊಬೈಲಿನ ಮೇಲೆ ಬೆರಳಾಡಿಸುವುದು ಅವನ ಒಬ್ಬನ ದೌರ್ಬಲ್ಯವಲ್ಲ, ಅದು ಯಾರೋ ಪಗಾರ ತೆಗೆದುಕೊಂಡು ಮಾಡಿದ ಕೆಲಸದ ಫಲ. ಇದು ತಿಳಿದ ಮೇಲೆ ನಾವು ಅವನನ್ನು ಬೈಯುವುದನ್ನು ಬಿಟ್ಟು ಬಿಡಿಸುವ ದಾರಿಯನ್ನು ಹುಡುಕುತ್ತೇವೆ.

ಆ ಕೆಲಸ ಮಾಡುವವರ ವಿದ್ಯೆಯೇ ಕಂಪ್ಯೂಟರ್ ಪ್ರೋಗ್ರಾಮಿಂಗ್. ಇದು ನಮಗೆ ಎಟುಕದ ಮಾಯೆಯಲ್ಲ. ಡೊನಾಲ್ಡ್ ಕ್ನೂತ್ ಎಂಬ ದೊಡ್ಡ ಪಂಡಿತರು 1968ರಲ್ಲಿ ಹೊರತಂದ ತಮ್ಮ ಗ್ರಂಥದ ಆರಂಭದಲ್ಲೇ ಇದನ್ನು ಅಡುಗೆಯ ವಿಧಾನದೊಂದಿಗೆ ಹೋಲಿಸಿದ್ದಾರೆ. ಮೊದಲು ಇದು, ಆಮೇಲೆ ಅದು, ಹೀಗಾದರೆ ಹಾಗೆ. ಆದರೆ ಒಂದು ಭೇದ: ‘ಒಂದು ಚಿಟಿಕೆ ಉಪ್ಪು’ ಎಂದರೆ ನಮ್ಮ ಅಡುಗೆ ಭಟ್ಟರಿಗೆ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ, ಅದಕ್ಕೆ ಎಲ್ಲವನ್ನೂ ಅಳೆದು ಹೇಳಬೇಕು. ನೂರಾರು ಜನರ ಸಾಂಬಾರಿಗೆ ಬೇಳೆ, ಹುಳಿ, ಮೆಣಸಿನ ಅಳತೆಯನ್ನು ತಲೆಯಲ್ಲೇ ಇಟ್ಟುಕೊಂಡವನಿಗೆ ಈ ವಿದ್ಯೆ ಪರಕೀಯವೆ? ಅವನಿಗಲ್ಲವಾದರೆ ಅವನ ಮಗಳಿಗಾದರೂ ಆ ಪುಸ್ತಕ ಸಿಗಬೇಕು.

ಜೂಜನ್ನು ಗಣಿತದಿಂದ ಎದುರಿಸಿದವರೂ ಇದ್ದಾರೆ. ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಉಪಾಧ್ಯಾಯರು ಐಬಿಎಂ 704 ಎಂಬ ಯಂತ್ರಕ್ಕೆ ಲೆಕ್ಕ ಹೇಳಿಕೊಟ್ಟು, ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದಲ್ಲಿ ಜೂಜುಮನೆಯನ್ನೇ ಸೋಲಿಸುವ ಬಗೆಯನ್ನು ಕಂಡುಹಿಡಿದು 1962ರಲ್ಲಿ ಪುಸ್ತಕ ಬರೆದರು. ಆಗ ಜೂಜುಮನೆಗಳು ಏನು ಮಾಡಿದವು? 1964ರಲ್ಲಿ ಆಟದ ನಿಯಮವನ್ನೇ ಬದಲಿಸಿದವು. ಜನ ಅದನ್ನು ಒಪ್ಪದೆ ಆಟ ಬಿಟ್ಟಾಗ ಹಳೆಯ ನಿಯಮವನ್ನೇ ಮತ್ತೆ ತಂದವು. ಇದರಿಂದ ನಾವು ಕಲಿಯಬೇಕಾದದ್ದು ಇಸ್ಪೀಟಿನ ಯುಕ್ತಿಯನ್ನಲ್ಲ. ಗೆಲ್ಲುವವನನ್ನು ಜೂಜುಮನೆ ಸಹಿಸುವುದಿಲ್ಲ, ಆಡುವವರೆಲ್ಲ ಒಟ್ಟಾಗಿ ಎದ್ದು ಹೋದರೆ ಮಾತ್ರ ಅದು ಹೆದರುತ್ತದೆ ಎಂಬ ಪಾಠವನ್ನು. ಸಂಘ ಕಟ್ಟಿದವರಿಗೆ ಇದು ಹೊಸ ಪಾಠವಲ್ಲ.

ಇನ್ನು ಸಿನಿಮಾ. ತಾರೆಯರ ಬಣ್ಣದ ಪಟಗಳ ಪತ್ರಿಕೆಗಳನ್ನು ನಾವು ಕೇಳುತ್ತಿಲ್ಲ. ಚಿತ್ರ ಮಾಡಿದವರ ಜೀವನವನ್ನು ಓದಬೇಕೆನ್ನುತ್ತೇವೆ. ದಾದಾಸಾಹೇಬ ಫಾಳ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯುವಾಗ ತಾರಾಮತಿಯ ಪಾತ್ರಕ್ಕೆ ಯಾವ ಹೆಂಗಸೂ ಸಿಗಲಿಲ್ಲ. ಕೊನೆಗೆ ಅವರು ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದ ಸಾಳುಂಕೆ ಎಂಬ ಹುಡುಗನನ್ನು ಕರೆದೊಯ್ದು ತಾರಾಮತಿ ಮಾಡಿದರು. 1917ರ ‘ಲಂಕಾ ದಹನ’ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ. ಭಾರತದ ಚಿತ್ರರಂಗದ ಮೊದಲ ನಾಯಕಿ ಒಬ್ಬ ಹೋಟೆಲು ಕೆಲಸಗಾರ! ಫಾಳ್ಕೆಯವರ ಪತ್ನಿ ಸರಸ್ವತೀಬಾಯಿಯವರು ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿ, ಫಿಲ್ಮಿನ ಕೆಲಸದಲ್ಲೂ ಕೈಗೂಡಿಸಿದರು. ತೆರೆಯ ಹಿಂದಿರುವುದು ಬೆವರೇ ಹೊರತು ಜಾದುವಲ್ಲ ಎಂಬುದನ್ನು ಇಂಥ ಪುಸ್ತಕ ಕಲಿಸುತ್ತದೆ. ಕೆಲಸ ಬಿಟ್ಟು ‘ಹೀರೋ’ ಆಗಲು ಅಂಧೇರಿಯ ಬೀದಿ ಸುತ್ತುವ ತಮ್ಮಂದಿರಿಗೆ ಇದು ಬುದ್ಧಿ, ನಿಜವಾಗಿ ಆ ಕಸುಬು ಕಲಿಯಬೇಕೆಂಬವರಿಗೆ ಇದು ದಾರಿ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು ನಿರ್ದೇಶಿಸಿದ ಮೊದಲ ಚಿತ್ರ 1951ರ ‘ಬಾಜಿ’. ಅದೂ ಜೂಜಿನ ಕಥೆಯೇ. ಕೈಚಳಕದ ಬಡ ಹುಡುಗನನ್ನು ಮುಂದೆ ಬಿಟ್ಟು, ಮಾಲಕ ಮರೆಯಲ್ಲಿ ಕೂತು ಹಣ ಎಣಿಸುತ್ತಾನೆ. ಅದನ್ನು ಹಾಡಿಗಾಗಿ ನೋಡಿದ್ದವರು ಈ ಕಣ್ಣಿನಿಂದ ಇನ್ನೊಮ್ಮೆ ನೋಡಲಿ.

ಎರಡು ಆಕ್ಷೇಪಗಳು ಬರುತ್ತವೆಂದು ಬಲ್ಲೆವು. ಇವೆಲ್ಲ ಇಂಗ್ಲಿಷ್ ಪುಸ್ತಕಗಳು, ಯಾರು ಓದುವರು ಎಂಬುದು ಒಂದು. ದಣಿದು ಬಂದವನಿಗೆ ಓದಲು ತ್ರಾಣವೆಲ್ಲಿ ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಕೋಟ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದು, ಯಾವ ವಿದ್ಯೆಯೂ ಕನ್ನಡದಲ್ಲಿ ನಿಲ್ಲುತ್ತದೆಂದು ತೋರಿಸಿಕೊಟ್ಟರು. ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕಬೇಕಿಲ್ಲ. ನಮ್ಮ ಸದಸ್ಯರ ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ. ತಿಂಗಳಿಗೊಂದು ರಾತ್ರಿ, ಹೋಟೆಲು ಮುಚ್ಚಿದ ಮೇಲೆ, ಅವರಲ್ಲೊಬ್ಬರು ಒಂದು ಅಧ್ಯಾಯವನ್ನು ಓದಿ ಕನ್ನಡದಲ್ಲಿ ಹೇಳಲಿ. ನಾವು ಕೇಳೋಣ, ಪ್ರಶ್ನಿಸೋಣ. ಪಾತ್ರೆ ತೊಳೆದ ಕೈಯಲ್ಲೇ ಸ್ಲೇಟು ಹಿಡಿದು ರಾತ್ರಿಶಾಲೆಯಲ್ಲಿ ಕಲಿತವರ ಪರಂಪರೆ ಈ ನಗರದ ಕನ್ನಡಿಗರದು. ಅವರಿಗಿಂತ ನಾವು ಹೆಚ್ಚು ದಣಿದಿದ್ದೇವೆಯೆ?

ಮೊದಲ ಪುಸ್ತಕ ವೇತನ ಸಂಹಿತೆಯಾಗಲಿ. ಅದನ್ನು ಕೇಳಲು ಬರುವವರು ತಮ್ಮ ಪಗಾರದ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಬರಲಿ. ಚೀಟಿಯೇ ಸಿಗದವರು ಆ ಮಾತನ್ನು ಹೇಳಲೆಂದೇ ಬರಲಿ. ಪುಸ್ತಕದ ಸಾಲಿಗೂ ಚೀಟಿಯ ಅಂಕೆಗೂ ತಾಳೆ ನೋಡೋಣ. ತಾಳೆ ಬೀಳದಿದ್ದಲ್ಲಿ ಸಂಘದ ಕೆಲಸ ಶುರುವಾಗುತ್ತದೆ.