ಮಲೆಯೋ, ಮಳೆಯೋ? ಚುಕ್ಕೆ ಉದುರಿದ ಕನ್ನಡ ಪುಸ್ತಕಗಳು

ಡೇಟಾ ಅಂದ ತಕ್ಷಣ ಬ್ಯಾಂಕು, ಆಸ್ಪತ್ರೆ ನೆನಪಾಗುತ್ತೆ. ಇವತ್ತು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿರುವ ಬ್ರಿಟಿಷ್ ಲೈಬ್ರರಿಗೆ ಹೋಗೋಣ.

ಎಲ್. ಡಿ. ಬಾರ್ನೆಟ್ ಸಿದ್ಧಪಡಿಸಿದ ಬ್ರಿಟಿಷ್ ಮ್ಯೂಸಿಯಂನ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿ 1910ರಲ್ಲೇ ಅಚ್ಚಾಯಿತು. 1973ರಲ್ಲಿ ಮ್ಯೂಸಿಯಂನ ಗ್ರಂಥಸಂಗ್ರಹ ಆಗಷ್ಟೇ ಹುಟ್ಟಿದ ಬ್ರಿಟಿಷ್ ಲೈಬ್ರರಿಗೆ ಸೇರಿತು. 2004ರಲ್ಲಿ ಲೈಬ್ರರಿ ತನ್ನ ಕಂಪ್ಯೂಟರ್ ದಾಖಲೆಗಳನ್ನು ಯುಕೆ ಮಾರ್ಕ್ ಮಾದರಿಯಿಂದ ಮಾರ್ಕ್ 21 ಮಾದರಿಗೆ ಬದಲಿಸಿತು. ದಾಖಲೆಯಲ್ಲಿ ಯಾವ ಯಾವ ಖಾನೆ ಇರಬೇಕು ಅನ್ನುವ ಚೌಕಟ್ಟೇ ಸ್ಕೀಮಾ. ಹಳೆಯ ಖಾನೆಯಲ್ಲಿದ್ದದ್ದು ಹೊಸದರಲ್ಲಿ ಎಲ್ಲಿಗೆ ಹೋಗಬೇಕು ಅನ್ನುವ ಲೆಕ್ಕವೇ ಮ್ಯಾಪಿಂಗ್.

ಮಾರ್ಕ್ 21ರಲ್ಲಿ ಪುಸ್ತಕದ ಹೆಸರಿಗೆ 245ನೇ ಖಾನೆ. ಇಂಗ್ಲಿಷ್ ದೇಶಗಳ ಲೈಬ್ರರಿಗಳಲ್ಲಿ ಕನ್ನಡ ಹೆಸರನ್ನು ಸಾಮಾನ್ಯವಾಗಿ ಅಲ್ಲಿ ರೋಮನ್ ಲಿಪಿಯಲ್ಲಿ ಬರೀತಾರೆ. ಕನ್ನಡ ಲಿಪಿಗೆ 880 ಅನ್ನುವ ಜೊತೆಖಾನೆ ಇದೆ. ಆದ್ರೆ ಅದು ಕಡ್ಡಾಯವಲ್ಲ. ನನ್ನ ತಕರಾರು ಇರೋದು ಇಲ್ಲೇ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಗೊಳ್ಳಿ. ರೋಮನ್ನಿನಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರ, ಕೆಳಗಿನ ಚುಕ್ಕೆಯಷ್ಟೇ ವ್ಯತ್ಯಾಸ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಆ ಚುಕ್ಕೆ ಉದುರಿದರೆ ಮಲೆ, ಮಳೆ ಎರಡೂ ಒಂದೇ. ಹಳ್ಳಿಯೂ ಹಲ್ಲಿಯೂ ಒಂದೇ. ದೀರ್ಘದ ಗೆರೆ ಅಳಿಸಿದರೆ ಮಾಲೆಯೂ ಮಲೆಯೇ! ಚುಕ್ಕೆ ಉಳಿದರೂ ಅದು ಯಾವ ಪದ್ಧತಿಯದು ಅಂತ ಗೊತ್ತಿರಬೇಕು. ‘ಸಂಸ್ಕೃತಿ’ಯ ಸೊನ್ನೆಗೆ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ‘ಎಂ’ ಅಕ್ಷರದ ಕೆಳಗೆ ಚುಕ್ಕೆ, ಐಎಸ್‌ಒ 15919ರಲ್ಲಿ ಮೇಲೆ ಚುಕ್ಕೆ.

ಕನ್ನಡ ಓದಲು ಬಾರದ ಸಿಬ್ಬಂದಿಯೂ ಪುಸ್ತಕ ಹುಡುಕಬೇಕಲ್ಲ ಅಂತ ನೀವು ಕೇಳಬಹುದು. ಸರಿ, ರೋಮನ್ ಇರಲಿ, ಬೇಡ ಅನ್ನೋದಿಲ್ಲ. ಆದ್ರೆ ಕನ್ನಡದಿಂದ ರೋಮನ್‌ಗೆ ಹೋಗೋಕೆ ಒಂದು ಸಣ್ಣ ಪ್ರೋಗ್ರಾಂ ಸಾಕು. ಚುಕ್ಕೆ ಕಳೆದುಕೊಂಡ ರೋಮನ್‌ನಿಂದ ವಾಪಸ್ ಬರೋಕೆ ಕನ್ನಡ ಬಲ್ಲ ಮನುಷ್ಯರು ಬೇಕು, ಎಷ್ಟೋ ಸಲ ಪುಸ್ತಕವನ್ನೇ ಕಪಾಟಿನಿಂದ ತೆಗೆದು ನೋಡಬೇಕು. ಹೀಗಿರುವಾಗ ನಕಲು ಕಡ್ಡಾಯ, ಮೂಲ ಇದ್ದರೆ ಇರಲಿ ಅನ್ನೋದು ತಲೆಕೆಳಗಾದ ಏರ್ಪಾಡು. ಕನ್ನಡ ಲಿಪಿಯೇ ಕಡ್ಡಾಯವಾಗಲಿ, ರೋಮನ್ ಅದರಿಂದ ಹುಟ್ಟಲಿ, ಯಾವ ಪದ್ಧತಿಯಲ್ಲಿ ಯಾವಾಗ ಬದಲಿಸಿದ್ದು ಅನ್ನೋದೂ ದಾಖಲೆಯಲ್ಲೇ ಇರಲಿ. ಹಿಂತಿರುಗಿ ಬರಲಾಗದ ಮ್ಯಾಪಿಂಗ್ ಮಾಡಿದ ಮೇಲೆ ಮೂಲವನ್ನು ಎಸೆಯಲೇಬಾರದು.

ನೀವು ಲಂಡನ್ನಲ್ಲಿರಿ, ಡಲ್ಲಾಸ್‌ನಲ್ಲಿರಿ, ನಿಮ್ಮೂರಿನ ಲೈಬ್ರರಿಯ ಹುಡುಕುಪಟ್ಟಿಯಲ್ಲಿ ಒಂದು ಪುಸ್ತಕದ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ ನೋಡಿ. ಪುಸ್ತಕ ಅಲ್ಲಿದ್ದೂ ಸಿಗದಿದ್ದರೆ ಲೈಬ್ರರಿಯವರಿಗೆ ಎರಡು ಸಾಲು ಬರೆಯಿರಿ. ಓದುಗರು ಕೇಳದ ಖಾನೆಯನ್ನು ಯಾರೂ ತುಂಬೋದಿಲ್ಲ.