ಬೆವರಿಲ್ಲದ ಕುರಿಗಾಹಿ

ನಿಮ್ಮ ಮನೆಯ ಗೋಡೆಯ ಮೇಲೆ ಒಳ್ಳೆಯ ಕುರಿಗಾಹಿಯ ಚಿತ್ರವಿದ್ದರೆ, ದಯವಿಟ್ಟು ಅದರ ಮುಂದೆ ಒಂದು ನಿಮಿಷ ನಿಂತು ಬಂದು ಈ ಲೇಖನವನ್ನು ಓದಿ. ಬಹುಪಾಲು ಮನೆಗಳಲ್ಲಿ ಆ ಚಿತ್ರ ಒಂದೇ ಬಗೆಯದು. ಮುಳ್ಳಿಲ್ಲದ ಹುಲ್ಲುಗಾವಲು, ದೂರದಲ್ಲಿ ನೀಲಿ ಬೆಟ್ಟ, ಹೊಳೆಯುವ ತಿಳಿಗೊಳ, ಆಗಷ್ಟೇ ಮಡಿ ಮಾಡಿದಂತಹ ಬಿಳಿಯ ನಿಲುವಂಗಿ, ಆಗಷ್ಟೇ ಮೀಯಿಸಿದಂತಹ ಕುರಿಗಳು. ಪ್ರಭುವಿನ ಪಾದಕ್ಕೆ ಒಂದು ಹಿಡಿ ಮಣ್ಣೂ ಅಂಟಿಲ್ಲ. ಆ ಚಿತ್ರದ ಮುಂದೆ ಕೈಮುಗಿಯುವ ನಿಮ್ಮ ಭಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ ಹುಲ್ಲುಗಾವಲು ಯೂದಾಯದ್ದಲ್ಲ, ಬೈಬಲ್ಲಿನದೂ ಅಲ್ಲ. ಹದಿನೇಳನೆಯ ಶತಮಾನದ ರೋಮಿನಲ್ಲಿ ಕುಂಚದಿಂದ ಹುಟ್ಟಿದ ಹುಲ್ಲುಗಾವಲೊಂದರ ದೂರದ ಸಂತತಿ ಅದು. ಅದರ ವಿಷಯದಲ್ಲಿ ನನ್ನದೊಂದು ತಕರಾರಿದೆ.

ಕ್ಲೋದ್ ಲೊರೇನ್ ಎಂಬ ಕಲಾವಿದನು ಲೊರೇನ್ ಸೀಮೆಯ ಶಾಮಾನ್ಯ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ತನ್ನ ಬದುಕಿನ ಬಹುಭಾಗವನ್ನು ರೋಮಿನಲ್ಲಿಯೇ ಕಳೆದು, 1682ರಲ್ಲಿ ಅಲ್ಲಿಯೇ ತೀರಿಕೊಂಡನು. ರೋಮ್ ನಗರದ ಸುತ್ತ ಹಬ್ಬಿದ ಕಂಪಾನ್ಯಾ ಎಂಬ ಬಯಲೇ ಅವನ ವಸ್ತು. ಒಂದು ಬದಿಗೆ ಪರದೆಯಂತೆ ಕಪ್ಪಗೆ ನಿಂತ ಮರ, ನಡುವೆ ನೀರು ಅಥವಾ ಸೇತುವೆ, ಆಚೆ ಹೊಂಬಣ್ಣದ ಮಂಜಿನಲ್ಲಿ ಕರಗಿಹೋಗುವ ದಿಗಂತ, ಮರದಡಿಯಲ್ಲಿ ಕೊಳಲೂದುವ ಕುರುಬರು: ಇದು ಅವನ ಚಿತ್ರಗಳ ಸಾಮಾನ್ಯ ವಿನ್ಯಾಸ. ಜಗದ್ಗುರು ಎಂಟನೆಯ ಉರ್ಬಾನರು, ಕಾರ್ಡಿನಲ್ಲರು, ಸ್ಪೇನಿನ ಅರಸ ನಾಲ್ಕನೆಯ ಫಿಲಿಪ್ ಅವನಿಂದ ಚಿತ್ರ ಬರೆಯಿಸಿಕೊಂಡರು. ಅವನ ಹೆಸರಿನಲ್ಲಿ ನಕಲುಗಳೂ ಹುಟ್ಟಿಕೊಂಡದ್ದರಿಂದ, ಮಾರಿದ ಚಿತ್ರಗಳ ರೇಖಾರೂಪಗಳನ್ನು ಅವನು ಪುಸ್ತಕವೊಂದರಲ್ಲಿ ದಾಖಲಿಸಿಟ್ಟನು. 'ಲೀಬೆರ್ ವೆರಿತಾತಿಸ್', ಅಂದರೆ 'ಸತ್ಯದ ಪುಸ್ತಕ' ಎಂದು ಹೆಸರಾದ ಅದು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಸತ್ಯದ ಮಾತು ಬಂದುದರಿಂದ ಕೇಳುತ್ತೇನೆ: ಆ ಬಯಲಿನ ಸತ್ಯವೇನು? 'ಮಲೇರಿಯಾ' ಎಂಬ ಪದ ಇಟಾಲಿಯನ್ ಭಾಷೆಯದು. 'ಕೆಟ್ಟ ಗಾಳಿ' ಎಂಬುದು ಅದರ ಅರ್ಥ. ರೋಮಿನ ಸುತ್ತಲಿನ ಜೌಗು ನೆಲ ಆ ಜ್ವರಕ್ಕೆ ಕುಖ್ಯಾತವಾಗಿತ್ತು. 1623ರ ಬೇಸಿಗೆಯಲ್ಲಿ ಹೊಸ ಜಗದ್ಗುರುಗಳ ಆಯ್ಕೆಗೆ ಸೇರಿದ ಕಾರ್ಡಿನಲ್ಲರ ಸಭೆಯನ್ನೇ ಅದು ಹೊಕ್ಕಿತು. ಹಲವರು ಪ್ರಾಣ ಬಿಟ್ಟರು. ಆಯ್ಕೆಯಾದ ಉರ್ಬಾನರೂ ಹಾಸಿಗೆ ಹಿಡಿದು, ಅವರ ಪಟ್ಟಾಭಿಷೇಕವನ್ನು ಮುಂದೂಡಬೇಕಾಯಿತು. ಅರಮನೆಯ ಗೋಡೆಯೊಳಗಿನವರ ಪಾಡೇ ಹೀಗಿದ್ದರೆ, ಬಯಲಿನಲ್ಲಿ ಮಲಗುತ್ತಿದ್ದ ಕುರುಬನ ಪಾಡೇನು? ಚಳಿಗಾಲದಲ್ಲಿ ಅಬ್ರುಜ್ಜೊ ಬೆಟ್ಟಗಳಿಂದ ಮಂದೆಯನ್ನು ಹೊಡೆದುಕೊಂಡು ಬರುತ್ತಿದ್ದ ಆ ಕುರುಬನಿಗೆ ಅಲ್ಲಿ ಸ್ವಂತದ ಒಂದು ಅಂಗುಲ ನೆಲವೂ ಇರಲಿಲ್ಲ. ನೆಲವೆಲ್ಲ ದೊಡ್ಡ ಮನೆತನಗಳದ್ದು; ನಾಚಿಕೆಯಿಂದಲೇ ಹೇಳಬೇಕು, ಧರ್ಮಸಭೆಯ ಸಂಸ್ಥೆಗಳದ್ದೂ ಹೌದು. ಯಾವ ಗಾಳಿ ರೋಗಕ್ಕೆ ಹೆಸರು ಕೊಟ್ಟಿತೋ, ಆ ಗಾಳಿಯನ್ನೇ ಕ್ಲೋದ್ ಚಿನ್ನದ ಬೆಳಕಾಗಿ ಬರೆದನು. ಅದನ್ನು ಕೊಂಡವರು ಆ ನೆಲದ ಒಡೆಯರ ವರ್ಗದವರೇ.

ಅವನ ಕೌಶಲವನ್ನು ನಾನು ಅಲ್ಲಗಳೆಯುತ್ತಿಲ್ಲ. ಬೆಳಕನ್ನು ನೋಡಲು ನಸುಕಿಗೆ ಮೊದಲೇ ಬಯಲಿಗೆ ಹೋಗುತ್ತಿದ್ದ ಶ್ರಮಜೀವಿ ಅವನು. ಆದರೆ "ನಾನು ನಿಸರ್ಗದೃಶ್ಯವನ್ನು ಮಾರುತ್ತೇನೆ, ಅದರೊಳಗಿನ ಆಕೃತಿಗಳನ್ನು ಪುಕ್ಕಟೆಯಾಗಿ ಕೊಡುತ್ತೇನೆ" ಎಂಬರ್ಥದ ಮಾತನ್ನು ಅವನು ಆಡುತ್ತಿದ್ದನೆಂದು ಪ್ರತೀತಿ. ಮನುಷ್ಯಾಕೃತಿ ತನಗೆ ಒಲಿಯದೆಂದು ವಿನೋದಕ್ಕೆ ಆಡಿದ ಮಾತಿರಬಹುದು. ಆದರೂ ಆ ಮಾತಿನಲ್ಲಿ ಇಡೀ ಪರಂಪರೆಯ ಪಾಪನಿವೇದನೆ ಅಡಗಿದೆ. ಮರಕ್ಕೆ ಬೆಲೆ, ನೀರಿಗೆ ಬೆಲೆ, ಮನುಷ್ಯ ಮಾತ್ರ ಪುಕ್ಕಟೆ!

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಈ ಪರಂಪರೆಯ ಮೂಲಪುರುಷನೆನಿಸಿದ ರೋಮನ್ ಕವಿ ವರ್ಜಿಲನು ತನ್ನ ಗೋಪಗೀತೆಗಳ ಸಂಕಲನದ ಮೊದಲ ಕವಿತೆಯಲ್ಲಿಯೇ, ಯುದ್ಧದಿಂದ ಮರಳಿದ ಸೈನಿಕರಿಗೆ ತನ್ನ ಹೊಲ ಬಿಟ್ಟುಕೊಟ್ಟು ಊರು ತೊರೆಯುವ ಕುರುಬನೊಬ್ಬನನ್ನು ನಿಲ್ಲಿಸಿದ್ದಾನೆ. ಮುಂದಿನವರು ಅವನ ಮರದ ನೆರಳನ್ನು ಉಳಿಸಿಕೊಂಡು, ಆ ಕುರುಬನ ಕಣ್ಣೀರನ್ನು ಬಿಟ್ಟುಬಿಟ್ಟರು. ಕ್ಲೋದ್‌ನ ಸಮಕಾಲೀನನಾದ ನಿಕೊಲಾ ಪೂಸ್ಯಾಂ ಮಾತ್ರ ಪ್ರಾಮಾಣಿಕನು. ಅವನ ಪ್ರಖ್ಯಾತ ಚಿತ್ರದಲ್ಲಿ ಕುರುಬರು ಸಮಾಧಿಯೊಂದರ ಮೇಲಿನ ಬರಹವನ್ನು ಬೆರಳಿಟ್ಟು ಓದುತ್ತಿದ್ದಾರೆ. ಚೆಲುವಿನ ನಾಡೆಂದು ಕವಿಗಳು ಕೊಂಡಾಡಿದ ಆರ್ಕಾಡಿಯದಲ್ಲಿಯೂ ಮರಣವಿದೆ ಎಂಬುದು ಆ ಬರಹದ ಅರ್ಥ. 1660ರಿಂದ 1664ರವರೆಗೆ ಅವನು ಬರೆದ ನಾಲ್ಕು ಋತುಗಳ ಚಿತ್ರಗಳಲ್ಲಿ ಬೇಸಿಗೆಯ ವಸ್ತು ರೂತಳ ಕಥೆ: ಹಕ್ಕಲಾಯಲು ಬಂದ ಪರದೇಶದ ವಿಧವೆ, ಹೊಲದೊಡೆಯ ಬೋವಜನ ಮುಂದೆ ಮೊಣಕಾಲೂರಿದ್ದಾಳೆ. ನಿಸರ್ಗದ ಸೊಬಗಿನ ನಡುವೆಯೇ ಹಸಿವಿನ ಪ್ರಶ್ನೆಯನ್ನು ಇಡಬಹುದೆಂದು ಪೂಸ್ಯಾಂ ತೋರಿಸಿದನು. ಹಾಗೆ ಮಾಡದವರಿಗೆ 'ಆಗದು' ಎಂಬ ನೆಪ ಉಳಿಯುವುದಿಲ್ಲ.

'ಚಿತ್ರ ತಾನೇ, ಅದರಿಂದ ಯಾರಿಗೆ ಕೇಡು?' ಎನ್ನುವಿರಾ? ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕಡೆ ನೋಡಿ. ಕ್ಲೋದ್‌ನ ಚಿತ್ರಗಳನ್ನು ಕೊಂಡ ಶ್ರೀಮಂತರಿಗೆ ತಮ್ಮ ಜಮೀನೂ ಹಾಗೆಯೇ ಕಾಣಬೇಕೆಂಬ ಹಂಬಲ ಹುಟ್ಟಿತು. ಹೊಳೆಗೆ ಕಟ್ಟೆ ಕಟ್ಟಿ ಕೆರೆ ಮಾಡಿದರು, ದಿಬ್ಬದ ಮೇಲೆ ಗ್ರೀಕ್ ಗುಡಿಗಳನ್ನು ನಿಲ್ಲಿಸಿದರು. ಆಕ್ಸ್‌ಫರ್ಡಿನ ಬಳಿಯ ನ್ಯೂನಮ್ ಕೋರ್ಟ್ನಿ ಎಂಬಲ್ಲಿ ಹಾರ್ಕೋರ್ಟ್ ಪ್ರಭುವು ತನ್ನ ಭವನದ ನೋಟಕ್ಕೆ ಅಡ್ಡವಾದ ಹಳ್ಳಿಯನ್ನೇ 1760ರ ದಶಕದಲ್ಲಿ ಕೆಡವಿಸಿ, ಜನರನ್ನು ದೂರದ ಹೆದ್ದಾರಿಯ ಬದಿಗೆ ಸಾಗಿಸಿದನು. ಹಳೆಯ ದೇವಾಲಯವನ್ನೂ ಬಿಡಲಿಲ್ಲ; ಅದರ ಬದಲಿಗೆ 1764ರಲ್ಲಿ ಗುಮ್ಮಟವುಳ್ಳ, ಪ್ರಾಚೀನ ಗುಡಿಯಂತೆ ತೋರುವ ಕಟ್ಟಡವನ್ನು ಎಬ್ಬಿಸಿದನು. ಪ್ರಾರ್ಥಿಸುವವರ ಅನುಕೂಲಕ್ಕಿಂತ ನೋಡುವವನ ಕಣ್ಣಿನ ತೃಪ್ತಿ ದೊಡ್ಡದಾಯಿತು. ಡಾರ್ಸೆಟ್ ಸೀಮೆಯ ಮಿಲ್ಟನ್ ಆಬಸ್‌ನಲ್ಲಿ ಒಂದು ಪೇಟೆಗೇ ಇಂತಹ ಗತಿಯಾಯಿತು. ಮೊದಲು ಚಿತ್ರದಿಂದ ಬಡವನನ್ನು ಅಳಿಸಿದರು, ಅನಂತರ ನೆಲದಿಂದಲೇ ಅಳಿಸಿದರು. ನನ್ನ ತಕರಾರಿನ ತಿರುಳು ಇದೇ.

ಆ ನೋಟ ನಮ್ಮ ನಾಡಿಗೂ ಬಂದಿತು. 1791-92ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಮೇಲೆ ಯುದ್ಧಕ್ಕೆ ನಡೆದಾಗ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಜೊತೆಯಲ್ಲಿದ್ದನು. ಮೈಸೂರು ಸೀಮೆಯ ಆಯ್ದ ದೃಶ್ಯಗಳ ಅವನ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮವರಿಗೆ ರಣರಂಗವಾಗಿದ್ದುದು ಅಲ್ಲಿನವರ ದಿವಾನಖಾನೆಗೆ 'ದೃಶ್ಯ'ವಾಯಿತು.

"ಸ್ವಾಮಿ, ದಿನವಿಡೀ ದುಡಿದು ದಣಿದವನಿಗೆ ಗೋಡೆಯ ಮೇಲಾದರೂ ನೆಮ್ಮದಿ ಬೇಡವೇ?" ಎಂದು ನೀವು ಕೇಳಬಹುದು. ಬೇಕು. ಪವಿತ್ರ ಗ್ರಂಥವೂ ಅದನ್ನು ನಿರಾಕರಿಸುವುದಿಲ್ಲ. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಹಸಿರು ಹುಲ್ಲುಗಾವಲಿದೆ. ಆದರೆ ಅದೇ ಕೀರ್ತನೆಯಲ್ಲಿ ಕತ್ತಲ ಕಣಿವೆಯೂ ಇದೆ, ಶತ್ರುಗಳೂ ಇದ್ದಾರೆ. ಇಪ್ಪತ್ತು ವರ್ಷ ಮಾವನ ಮಂದೆ ಕಾಯ್ದ ಯಕೋಬನು ಲಾಬಾನನ ಎದುರು ನಿಂತು ಹಗಲಿನ ಬಿಸಿಲು, ಇರುಳಿನ ಚಳಿ, ಕಣ್ಣಿಗೆ ಹತ್ತದ ನಿದ್ರೆ ಎಲ್ಲವನ್ನೂ ಲೆಕ್ಕ ಹೇಳುತ್ತಾನೆ. ಬೆತ್ಲೆಹೇಮಿನ ಕುರುಬರು ಕೊಳಲೂದುತ್ತಿರಲಿಲ್ಲ, ಇರುಳು ಕಾವಲಿನಲ್ಲಿದ್ದರು. ಶುಭಸಂದೇಶ ಮೊದಲು ತಲುಪಿದ್ದು ಎಚ್ಚರವಾಗಿದ್ದ ಆ ಕೂಲಿಗಳಿಗೆ. ಒಳ್ಳೆಯ ಕುರಿಗಾಹಿಯೆಂದು ಯೇಸುಸ್ವಾಮಿ ತಮ್ಮನ್ನು ಕರೆದುಕೊಂಡಾಗ ಆಡಿದ್ದು ತೋಳದ ಮಾತು, ಪ್ರಾಣಾರ್ಪಣೆಯ ಮಾತು. 2013ರ ಮಾರ್ಚ್ 28ರಂದು, ಪವಿತ್ರ ಗುರುವಾರದ ಬಲಿಪೂಜೆಯಲ್ಲಿ, ಗುರುಗಳ ಮೈಯಿಂದ ಕುರಿಯ ವಾಸನೆ ಬರಬೇಕೆಂದು ದಿವಂಗತ ಜಗದ್ಗುರು ಫ್ರಾನ್ಸಿಸರು ಬಯಸಿದ್ದೂ ಈ ಅರ್ಥದಲ್ಲಿಯೇ. ಕ್ಯಾಲೆಂಡರಿನ ಕುರಿಗೆ ವಾಸನೆ ಎಲ್ಲಿಂದ ಬರಬೇಕು? ಈ ಮಾತು ಮೊದಲು ತಾಗುವುದು ನನ್ನಂತಹ ಗುರುಗಳಿಗೇ ಎಂಬುದನ್ನು ಬಲ್ಲೆ.

ಬಳಲಿಕೆಯನ್ನು ಮರೆಮಾಡಿ ಕೊಡುವ ನೆಮ್ಮದಿ ಅಮಲು. ಬಳಲಿಕೆಯನ್ನು ಕಂಡು, ಅದರ ಜೊತೆಗೆ ನಿಂತು ಕೊಡುವ ನೆಮ್ಮದಿ ಸಾಂತ್ವನ. ಫ್ರಾನ್ಸಿನ ಮಿಲೆ ಎಂಬ ಕಲಾವಿದನು 1857ರಲ್ಲಿ ಮೂವರು ಹೆಂಗಸರು ನಡು ಬಗ್ಗಿಸಿ ಹಕ್ಕಲಾಯುವ ಚಿತ್ರವನ್ನು ಪ್ಯಾರಿಸಿನಲ್ಲಿ ಪ್ರದರ್ಶನಕ್ಕಿಟ್ಟಾಗ ಅನೇಕ ಉಳ್ಳವರು ಸಿಡಿಮಿಡಿಗೊಂಡರು. ಹಿಂದೆ ಒಡೆಯನ ರಾಶಿ ರಾಶಿ ಬೆಳೆ, ಮುಂದೆ ಇವರ ಕೈಯಲ್ಲಿ ಬೆರಳೆಣಿಕೆಯ ತೆನೆ. ಆ ಲೆಕ್ಕ ಅವರಿಗೆ ಹಿಡಿಸಲಿಲ್ಲ. ಅದೇ ಮಿಲೆಯ ಇನ್ನೊಂದು ಚಿತ್ರವನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ: ಸಂಜೆಯ ಹೊಲದಲ್ಲಿ ಗಂಡಹೆಂಡಿರಿಬ್ಬರು ಆಲೂಗಡ್ಡೆಯ ಬುಟ್ಟಿಯನ್ನು ಕೆಳಗಿರಿಸಿ, ತಲೆಬಾಗಿ ತ್ರಿಕಾಲ ಪ್ರಾರ್ಥನೆ ಸಲ್ಲಿಸುವ ಚಿತ್ರ. ಅಲ್ಲಿಯೂ ಹೊಂಬಣ್ಣದ ಬೆಳಕಿದೆ. ಆದರೆ ಅದು ಬೀಳುವುದು ಅಗೆದ ಮಣ್ಣಿನ ಮೇಲೆ, ಮಣ್ಣು ಮೆತ್ತಿದ ಕೈಗಳ ಮೇಲೆ.

ಪ್ರಿಯ ಓದುಗರೇ, ಗೋಡೆಯ ಚಿತ್ರವನ್ನು ಕಿತ್ತೆಸೆಯಿರಿ ಎಂದು ನಾನು ಹೇಳಲಾರೆ. ಅದರ ಮುಂದೆ ಮಕ್ಕಳನ್ನು ನಿಲ್ಲಿಸಿಕೊಂಡು, ಇದರಲ್ಲಿ ಯಾರಿಲ್ಲ ಎಂದು ಕೇಳಿ. ಬೇಲಿ ಹಾಕಿದವರು, ನೀರು ಹೊತ್ತವರು, ಕಾಲಿನ ಮುಳ್ಳು ಕಿತ್ತುಕೊಂಡವರು, ಜ್ವರದಲ್ಲಿ ಮಲಗಿದವರು ಎಲ್ಲಿ ಎಂದು ಕೇಳಿ. ಬಳಿಕ, ನಿಮ್ಮ ಊಟದ ಅನ್ನದ ಹಿಂದಿರುವ ಒಬ್ಬ ಕೂಲಿಯವರ ಹೆಸರನ್ನಾದರೂ ಮಕ್ಕಳಿಗೆ ತಿಳಿಸಿ, ಅಂದಿನ ಕುಟುಂಬ ಪ್ರಾರ್ಥನೆಯಲ್ಲಿ ಅವರನ್ನು ಹೆಸರಿಡಿದು ನೆನೆಯಿರಿ. ದೇವರ ಕಣ್ಣಿನಲ್ಲಿ ಯಾವ ಮನುಷ್ಯನೂ ಪುಕ್ಕಟೆಯ ಆಕೃತಿಯಲ್ಲ.